ಒಳಗೆ ನಿಂತ ಕಡ್ಡಿ

ಕಡ್ಡಿ ಮೂರನೆಯ ಸಲವೂ ಬಿತ್ತು. ಒರ್ತೆನ್ಸಿಯಾ ಹಲ್ಲು ಕಚ್ಚಿ, ಪಿಟೀಲನ್ನು ಬೋರಲು ಹಿಡಿದು ಅಲುಗಿಸಿ, ಕಿಂಡಿಯಿಂದ ಅದನ್ನು ಉದುರಿಸಿಕೊಂಡಳು. ಪೆನ್ಸಿಲಿಗಿಂತ ತೆಳುವಾದ ಆ ಮರದ ತುಂಡು ಹೊಟ್ಟೆಯೊಳಗೆ ನೆಟ್ಟಗೆ ನಿಂತರೆ ಮಾತ್ರ ಪಿಟೀಲಿಗೆ ದನಿ. ಕ್ರೆಮೋನಾ ಊರಿನ ಪಿಟೀಲು ಮಾಡುವವರು ಅದನ್ನು ಜೀವ ಎಂದೇ ಕರೆಯುತ್ತಾರೆ.

“ನಿನ್ನ ಕೈಗೆ ಆತುರ ಜಾಸ್ತಿ ಅಂತ ಅಣ್ಣ ಹೇಳ್ತಾನೇ ಇದ್ದ,” ಎಂದ ಚಿಕ್ಕಪ್ಪ ಎರ್ಮೆತೆ, ವಾರ್ನಿಷಿನ ಕುಂಚ ಒರೆಸುತ್ತ. “ನಾಲ್ಕು ಗಂಟೆಗೆ ಈ ಪಿಟೀಲು ಕೊಳ್ಳೋಕೆ ಆಯಮ್ಮ ಬರ್ತಾಳೆ. ಅವಳು ಒಪ್ಪಲಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕೋದೇ.”

“ಗೊತ್ತು ಚಿಕ್ಕಪ್ಪ. ಬೆಳಗಿಂದ ಹತ್ತು ಸಲ ಹೇಳಿದೀಯ.”

ಅಪ್ಪ ಸತ್ತು ಎಂಟು ತಿಂಗಳಾಗಿತ್ತು. ಮರ ಆರಿಸಿದ್ದರಿಂದ ಹಿಡಿದು ಎಲ್ಲವನ್ನೂ ಅವಳೊಬ್ಬಳೇ ಮಾಡಿದ ಮೊದಲ ಪಿಟೀಲು ಇದು. ಒಳಗೆ ತನ್ನ ಹೆಸರಿನ ಚೀಟಿ ಅಂಟಿಸುವಾಗ ಎಷ್ಟು ಸಂತೋಷವಾಗಿತ್ತೆಂದರೆ, ಅಪ್ಪನನ್ನು ನೆನೆದು ನಾಚಿಕೆಯೂ ಆಗಿತ್ತು.

ಕಡ್ಡಿಯ ತುದಿಯನ್ನು ಇಷ್ಟೇ ಇಷ್ಟು ಕೆತ್ತಿ ಮೇಜಿನ ಮೇಲಿಟ್ಟಳು. ಜಾಗ ನೋಡಿಕೊಳ್ಳಲೆಂದು ಪಿಟೀಲಿನ ಬುಡದ ತೂತಿಗೆ ಕಣ್ಣಿಟ್ಟಳು. ಒಳಗೆ ಒಂದು ಕಡ್ಡಿ ನಿಂತಿತ್ತು. ಅಪ್ಪ ನಿಲ್ಲಿಸುತ್ತಿದ್ದ ಹಾಗೆಯೇ, ಕೂದಲೆಳೆಯಷ್ಟು ಹಿಂದಕ್ಕೆ.

ಚಿಕ್ಕಪ್ಪನೂ ಬಗ್ಗಿ ನೋಡಿದ. “ನಿಲ್ಲಿಸೇಬಿಟ್ಯಲ್ಲೇ, ಭೇಷ್!”

ಅವಳು ಮೇಜಿನ ಮೇಲಿದ್ದ ಕಡ್ಡಿಯನ್ನು ತೋರಿಸಿದಳು. ಚಿಕ್ಕಪ್ಪ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡ. ಆಮೇಲೆ ಬುಡದ ತೂತಿಗೆ ಗೂಟ ಹಾಕಿ, ತಂತಿ ಬಿಗಿದು ಕಮಾನು ಎಳೆದ. ಅಪ್ಪನ ಪಿಟೀಲುಗಳ ಅದೇ ದನಿ, ತುಸು ಒಡಕಿನ, ತುಂಬಿದ ದನಿ ಹೊರಟಿತು.

“ಅಣ್ಣನೇ ಕಣೇ,” ಎಂದು ಮುದುಕ ಬಿಕ್ಕಿದ. “ಮುಟ್ಟಬೇಡ. ಅಂಗಡಿ ಉಳೀತು.”

ಅವಳಿಗೂ ಆ ದನಿ ಬಿಡಲು ಮನಸ್ಸಿರಲಿಲ್ಲ. ಆದರೆ ಇದನ್ನು ಹೀಗೇ ಬಿಟ್ಟರೆ ಮುಂದೆ ತಾನು ಮಾಡುವ ಪಿಟೀಲುಗಳೆಲ್ಲ ಅಪ್ಪನ ದನಿಯಲ್ಲೇ ಹಾಡುತ್ತವೆ ಎಂದು ಹೊಳೆದಾಗ ಭಯವಾಯಿತು. ತಂತಿ ಸಡಿಲಿಸಿ ಕಬ್ಬಿಣದ ಕೊಕ್ಕೆಯನ್ನು ಒಳಗೆ ತೂರಿಸಿದಳು.

“ಬೇಡ ಕಣೇ ಮಗಳೇ!”

“ಅಪ್ಪಾ, ಸಾಕು,” ಎಂದಳು, ಕಿಂಡಿಗೆ ಬಾಯಿಟ್ಟು. ಕೊಕ್ಕೆ ನೂಕಿದಾಗ ಬೆಚ್ಚಗಿನ ಉಸಿರೊಂದು ಅವಳ ಕೆನ್ನೆಗೆ ತಗುಲಿತು. ಬೋರಲು ಹಿಡಿದು ಎಷ್ಟು ಅಲುಗಿಸಿದರೂ ಏನೂ ಉದುರಲಿಲ್ಲ; ಇಣುಕಿದರೆ ಒಳಗೆ ಖಾಲಿ. ಕಣ್ಣೊರೆಸಿಕೊಂಡು ತನ್ನ ಕಡ್ಡಿಯನ್ನು ನಿಲ್ಲಿಸಿದಳು. ಈ ಸಲ ಅದು ಬೀಳಲಿಲ್ಲ.

ನಾಲ್ಕಕ್ಕೆ ಆ ಹೆಂಗಸು ಬಂದು ನುಡಿಸಿದಳು. ಆ ಅಂಗಡಿ ಎಂದೂ ಕೇಳದಿದ್ದ, ಚೂಪಾದ, ಎಳೆಯ ದನಿ. ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ಆಕೆ ನಿಲ್ಲಿಸಿದಳು.

“ಇದು ನಿಮ್ಮ ತಂದೆಯ ದನಿ ಅಲ್ವಲ್ಲ?”

“ಅಲ್ಲ,” ಎಂದಳು ಒರ್ತೆನ್ಸಿಯಾ.

ಆಕೆ ಪಿಟೀಲಿಗೆ ಗದ್ದವನ್ನು ಇನ್ನಷ್ಟು ಒತ್ತಿ, ಕಣ್ಣು ಮುಚ್ಚಿ, ಮತ್ತೆ ಕಮಾನು ಎಳೆದಳು.