ಆಡಿಟ್ ದಿನದ ತೊಟ್ಟಿಲು

ಜಯಶೀಲಳಿಗೆ ಮಗುವನ್ನು ಬಿಟ್ಟು ಬರಲು ಯಾರೂ ಇರಲಿಲ್ಲ. ಗಂಡ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದ. ಅತ್ತೆಗೆ ಕೈ ನಡುಗುವ ಕಾಯಿಲೆ; ಮಗುವನ್ನು ಎತ್ತಿಕೊಳ್ಳಲು ಆಕೆಗೇ ಹೆದರಿಕೆ. ಹೆರಿಗೆ ರಜೆ ಮುಗಿದು ಜಯಶೀಲ ಹೊಲಿಗೆ ಫ್ಯಾಕ್ಟರಿಗೆ ವಾಪಸು ಬಂದ ಮೇಲೆ ಮಗು ಪಕ್ಕದ ಮನೆಯವರ ದಯೆಯಲ್ಲಿ, ಪುಡಿ ಹಾಲು ಕುಡಿದುಕೊಂಡು ಇತ್ತು.

ನಾನು ಆ ಫ್ಯಾಕ್ಟರಿಯ ತೊಟ್ಟಿಲು. ಫ್ಯಾಕ್ಟರಿಯಲ್ಲೇ ತೊಟ್ಟಿಲಿದ್ದ ಮೇಲೆ ಅವಳಿಗೆ ಇನ್ನೇನು ಕಷ್ಟ ಎಂದು ನೀವು ಕೇಳಬಹುದು. ಅದನ್ನೇ ಹೇಳುತ್ತೇನೆ.

ನಾನು ಹುಟ್ಟಿದ್ದು ಮಂಡ್ಯದ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಗೇಟು, ಕಿಟಕಿ ಸರಳು ಮಾಡುವ ಜಾಗ ಅದು. ತೊಟ್ಟಿಲು ಮಾಡಿ ಅಭ್ಯಾಸವಿಲ್ಲದ ವೆಲ್ಡರ್, ಎಷ್ಟು ದೊಡ್ಡ ಮಕ್ಕಳು ಮಲಗುತ್ತಾರೆ ಎಂದು ಆರ್ಡರ್ ಕೊಡಲು ಬಂದವನನ್ನು ಕೇಳಿದ.

"ಮಕ್ಳು ಎಷ್ಟುದ್ದನಾದ್ರೂ ಇರ್ಲಿ ಸಾಬ್ರೇ. ಫೋಟೋದಲ್ಲಿ ನೀಟಾಗಿ ಕಾಣ್ಬೇಕು, ಅಷ್ಟೇ."

ಹಾಗೆ ಫೋಟೋದ ಅಳತೆಗೆ ಕಬ್ಬಿಣದ ಪೈಪು ಬಗ್ಗಿಸಿದರು. ಆಕಾಶನೀಲಿ ಬಣ್ಣ ಬಳಿದರು. ನನ್ನನ್ನೂ ನನ್ನಂಥ ಕೆಲವನ್ನೂ ಟೆಂಪೋಗೆ ಹಾಕಿ ಮದ್ದೂರಿನ ಕಡೆಯ ಫ್ಯಾಕ್ಟರಿಗೆ ಕಳಿಸಿದರು.

ನಮಗೆ ಕೊಟ್ಟ ಕೋಣೆ ಗೇಟಿನ ಪಕ್ಕದಲ್ಲೇ ಇತ್ತು. ಬಾಗಿಲ ಮೇಲೆ 'ಮಕ್ಕಳ ಪಾಲನಾ ಕೇಂದ್ರ' ಎಂಬ ಬೋರ್ಡು, ಬಾಗಿಲಿಗೆ ಬೀಗ. ನನ್ನೊಳಗೆ ಮೊದಲು ಮಲಗಿದ್ದು ಹೊಲಿಗೆ ಕೆಟ್ಟ ಅಂಗಿಗಳ ಒಂದು ಮೂಟೆ. ಅದು ಅಳಲಿಲ್ಲ, ಹೊರಳಲಿಲ್ಲ. ತಿಂಗಳುಗಟ್ಟಲೆ ಹಾಗೇ ಇತ್ತು. ಕಿಟಕಿಯಾಚೆ ಬೆಳಿಗ್ಗೆ ನೂರಾರು ಹೆಂಗಸರು ಬರುವ ಸದ್ದು, ಸಂಜೆ ಹೋಗುವ ಸದ್ದು. ನಡುವೆ ಮಿಷನ್ನುಗಳ ಗುಂಯ್ ಎಂಬ ಶಬ್ದ. ಆಯಾ ಎಂದು ನೇಮಕವಾಗಿದ್ದ ದೇವೀರಮ್ಮನಿಗೆ ಕಕ್ಕಸು ತೊಳೆಯುವ ಕೆಲಸ ಹಚ್ಚಿದ್ದರು. ಆಕೆ ಬಕೆಟ್ಟು ಹಿಡಿದು ಕಿಟಕಿಯ ಮುಂದೆ ಹಾದುಹೋಗುತ್ತಿದ್ದಳು.

ಬೀಗ ತೆಗೆಯುತ್ತಿದ್ದದ್ದು ಆಡಿಟ್ ದಿನ. ಹೊರದೇಶದಲ್ಲಿ ಈ ಅಂಗಿ ಮಾರುವವರು, ಫ್ಯಾಕ್ಟರಿಯಲ್ಲಿ ಕಾನೂನು ಪಾಲಿಸುತ್ತಾರೋ ಇಲ್ಲವೋ ನೋಡಲು ಆಗಾಗ ಜನ ಕಳಿಸುತ್ತಿದ್ದರು. ಹಿಂದಿನ ದಿನವೇ ಹೊಲಿಗೆಯ ಲೈನಿನಲ್ಲಿ ಹೇಳುತ್ತಿದ್ದರು: ಮಕ್ಕಳಿರುವವರು ನಾಳೆ ಕರೆದುಕೊಂಡು ಬನ್ನಿ. ಮೂಟೆ ಹೊರಗೆ ಹೋಗುತ್ತಿತ್ತು, ನನಗೆ ಹಾಸಿಗೆ ಬರುತ್ತಿತ್ತು. ದೇವೀರಮ್ಮನಿಗೆ ಇಸ್ತ್ರಿ ಮಾಡಿದ ಸೀರೆ. ಒಮ್ಮೆ ಎಳೆಮಕ್ಕಳು ಸಾಲದೆ, ಎರಡನೇ ಕ್ಲಾಸಿನ ಒಬ್ಬನನ್ನು ನನ್ನೊಳಗೆ ಮಲಗಿಸಿ ಕಣ್ಣು ಮುಚ್ಚಿಕೋ ಎಂದಿದ್ದರು. ಅವನ ಕಾಲು ಹೊರಗೆ ಚಾಚಿಕೊಂಡಿತ್ತು. ಅದಕ್ಕೊಂದು ಟವೆಲು ಮುಚ್ಚಿದರು.

ಅಂಥದೇ ಒಂದು ದಿನ ಜಯಶೀಲ ತನ್ನ ಮಗನನ್ನು ತಂದಳು. ಲಿಖಿತ್ ಎಂದು ಹೆಸರು, ಏಳು ತಿಂಗಳು. ನನ್ನೊಳಗೆ ನಿಜವಾಗಿ ನಿದ್ದೆ ಮಾಡಿದ ಮೊದಲ ಮಗು ಅವನು. ಸೂಪರ್‌ವೈಸರೇ ಜಯಶೀಲಳನ್ನು ಹಾಲು ಕೊಟ್ಟು ಬಾ ಎಂದು ಕಳಿಸಿದ್ದ. ಮಿಷನ್ನಿನ ಮುಂದೆ ಕೂತಾಗ ಎದೆ ತುಂಬಿ ರವಿಕೆ ಒದ್ದೆಯಾಗುತ್ತಿತ್ತು, ಅದಕ್ಕೆ ಅವಳು ಒಳಗೆ ಬಟ್ಟೆ ಚೂರು ಮಡಚಿ ಇಟ್ಟುಕೊಳ್ಳುತ್ತಿದ್ದಳು. ಅವತ್ತು ಅದನ್ನು ತೆಗೆದು ಬದಿಗಿಟ್ಟಳು. ಹಾಲು ಕೊಡುತ್ತಾ, ಎದುರಿನ ಗೋಡೆಗೆ ಅವತ್ತಿನ ಮಟ್ಟಿಗೆ ತೂಗುಹಾಕಿದ್ದ ಕಾನೂನಿನ ಬೋರ್ಡನ್ನು ಓದಿದಳು. ತಾಯಂದಿರು ಮಗುವನ್ನು ಇಲ್ಲಿ ಬಿಡಬಹುದು, ದಿನಕ್ಕೆ ನಾಲ್ಕು ಸಲ ಬಂದು ನೋಡಬಹುದು ಎಂದು ಅದರಲ್ಲಿತ್ತು.

ಮರುದಿನ ಬೆಳಿಗ್ಗೆ ಅವಳು ಮತ್ತೆ ಮಗುವನ್ನು ಎತ್ತಿಕೊಂಡು ಬಂದಳು. ಸೆಕ್ಯೂರಿಟಿ ಶಿವನಂಜಣ್ಣ ಗೇಟಿನಲ್ಲೇ ತಡೆದ. ಮಾತು ನನಗೆ ಕಿಟಕಿಯಿಂದ ಕೇಳುತ್ತಿತ್ತು.

"ನಿನ್ನೆ ಬಿಟ್ರಲ್ಲಣ್ಣ."

"ನಿನ್ನೆ ಆಡಿಟ್ ಇತ್ತು ಕನವ್ವ. ಇವತ್ತು ಕೆಲ್ಸ."

ಅವಳು ಹೋಗಲಿಲ್ಲ. ಎಚ್.ಆರ್. ಮೇಡಂ ಬರುವವರೆಗೂ ಅಲ್ಲೇ ನಿಂತಳು. ಮೇಡಂ ಗದರಲಿಲ್ಲ. ಒಂದು ಮಗುವಿಗೆ ಬಾಗಿಲು ತೆಗೆದರೆ ನಾಳೆ ಎಲ್ಲರೂ ತರುತ್ತಾರೆ ಎಂದು ನಯವಾಗಿ ತಿಳಿಹೇಳಿದರು.

"ತರ್ಲಿ ಅಂತ್ಲೇ ಅಲ್ವಾ ಮೇಡಂ ತೊಟ್ಲು ಮಾಡ್ಸಿರೋದು?"

ಅವತ್ತು ಅವಳಿಗೆ ರಜೆ ಹಾಕಿ ಮನೆಗೆ ಕಳಿಸಿದರು. ಅವಳು ಮನೆಗೆ ಹೋಗಲಿಲ್ಲ. ಮಗುವನ್ನು ಎತ್ತಿಕೊಂಡೇ ಮಂಡ್ಯದ ಬಸ್ಸು ಹತ್ತಿ, ಕಾರ್ಮಿಕ ಸಂಘದವರನ್ನು ಹುಡುಕಿ, ಅವರ ಜೊತೆ ಸರ್ಕಾರಿ ಕಚೇರಿಗೆ ಹೋಗಿ ದೂರು ಕೊಟ್ಟಳು. ಮತ್ತೆ ಮತ್ತೆ ಹೋದಳು. ಕೊನೆಗೆ ಒಬ್ಬ ಅಧಿಕಾರಿ ಹೇಳದೆ ಕೇಳದೆ ಬಂದು ನಮ್ಮ ಕೋಣೆಯ ಬೀಗ ತೆಗೆಸಿದ. ಮೂಟೆಗಳನ್ನು ಕಣ್ಣಾರೆ ನೋಡಿದ. ಆಮೇಲೆ ಬೀಗ ಬೀಳಲಿಲ್ಲ. ಜಯಶೀಲ ಗೆದ್ದಳು.

ಲಿಖಿತ್ ದಿನಾ ಬರತೊಡಗಿದ. ದೇವೀರಮ್ಮನ ಬಕೆಟ್ಟು ತಪ್ಪಿತು. ಆಕೆ ಅವನನ್ನು ತೂಗುತ್ತಾ ತಾನೂ ತೂಕಡಿಸುತ್ತಿದ್ದಳು. ಉಳಿದ ತೊಟ್ಟಿಲುಗಳು ಖಾಲಿ. ಜಯಶೀಲಳಿಗೆ ಏನು ಗತಿಯಾಗುತ್ತದೋ ನೋಡೋಣ ಎಂದು ಬೇರೆ ತಾಯಂದಿರು ಕಾಯುತ್ತಿದ್ದರು.

ಲೈನಿನ ಕೆಲಸ ಹೇಗೆಂದರೆ, ಒಬ್ಬಳು ಹೊಲಿದದ್ದು ಪಕ್ಕದವಳಿಗೆ ಹೋಗಬೇಕು. ಜಯಶೀಲ ಕಾಲರ್ ಹೊಲಿಯುತ್ತಿದ್ದಳು. ಅವಳ ಮುಂದಿನ ಮಿಷನ್ನಿನಲ್ಲಿ ಅವಳ ಊರಿನವಳೇ ಆದ ಯಶೋದಾ ಅದನ್ನು ಅಂಗಿಗೆ ಕೂಡಿಸುತ್ತಿದ್ದಳು. ಇಬ್ಬರೂ ಒಂದೇ ಟೆಂಪೋದಲ್ಲಿ ಬಂದು ಒಂದೇ ಬುತ್ತಿ ಬಿಚ್ಚುವವರು. ಜಯಶೀಲ ಹಾಲು ಕೊಡಲು ಎದ್ದು ಬಂದರೆ ಅವಳ ಮಿಷನ್ನಿಗೆ ಬೇರೆಯವರನ್ನು ಕೂರಿಸಬೇಕಿತ್ತು. ಕೂರಿಸಲಿಲ್ಲ. ಅವಳು ಬರುವುದನ್ನು ಯಾರೂ ತಡೆಯಲೂ ಇಲ್ಲ. ಕಾನೂನು ಗೊತ್ತಾಗಿತ್ತಲ್ಲ. ದಿನಕ್ಕಿಷ್ಟು ಅಂಗಿ ಎಂಬ ಟಾರ್ಗೆಟ್ ಮಾತ್ರ ಇಳಿಸಲಿಲ್ಲ. ಲೈನು ನಿಂತಾಗ ಸೂಪರ್‌ವೈಸರ್ ಬೈಯುತ್ತಿದ್ದದ್ದು ಕೈ ಖಾಲಿಯಾಗಿ ಕೂತ ಯಶೋದಾಳನ್ನು. ಸಂಜೆ ಎಲ್ಲರನ್ನೂ ಉಳಿಸಿಕೊಳ್ಳುತ್ತಿದ್ದ. ಟೆಂಪೋ ತಡವಾಗುತ್ತಿತ್ತು. ಅದರಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡ ಜಯಶೀಲಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಇದನ್ನೆಲ್ಲ ಅವಳು ದೇವೀರಮ್ಮನಿಗೆ ಹೇಳುವಾಗ ಕೇಳಿದ್ದೇನೆ.

ಒಂದು ಮಧ್ಯಾಹ್ನ ಯಶೋದಾ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

"ನೀನು ಇಲ್ಲಿ ಕೂತಷ್ಟು ಹೊತ್ತೂ ಅಲ್ಲಿ ಉಗುಸ್ಕೊಳೋಳು ನಾನು ಕನೆ."

ಜಯಶೀಲ ಮಗುವಿನ ಬಾಯಿಂದ ಎದೆ ಬಿಡಿಸಿಕೊಂಡು ಎದ್ದಳು. "ನನ್ಗೆ ಬೈಯಿ ಅಂತ ಅವನಿಗೆ ಹೇಳು" ಎಂದಳು.

"ನಿನ್ಗೆ ಕಾನೂನೈತೆ. ನನ್ಗೇನೈತೆ?"

ಜಯಶೀಲ ಮಗುವನ್ನು ನನ್ನೊಳಗೆ ಮಲಗಿಸಿ ಮಿಷನ್ನಿಗೆ ವಾಪಸು ಹೋದಳು. ಮಾರನೆಯ ದಿನದಿಂದ ಅವಳು ಬರುವುದು ಕಡಿಮೆಯಾಯಿತು. ಆಮೇಲೆ ಊಟದ ಹೊತ್ತಿಗೆ ಮಾತ್ರ ಬಂದಳು. ಹಾಲು ಬತ್ತಿತು, ದೇವೀರಮ್ಮ ಬಾಟಲಿ ಹಿಡಿದಳು. ಯಶೋದಾಳ ಜೊತೆ ಮಾತು ಮತ್ತೆ ಕೂಡಲಿಲ್ಲ. ಒಂದು ಸೋಮವಾರ ತಾಯಿಯೂ ಬರಲಿಲ್ಲ, ಮಗುವೂ ಬರಲಿಲ್ಲ. ಕೆಲಸ ಬಿಟ್ಟಳು ಎಂದು ದೇವೀರಮ್ಮ ಹಾಸಿಗೆ ಕೊಡವುತ್ತಾ ಹೇಳಿದಳು. ಯಾರಿಗೆ ಹೇಳಿದಳೋ. ಕೋಣೆಯಲ್ಲಿ ಯಾರೂ ಇರಲಿಲ್ಲ.

ಮುಂದೊಮ್ಮೆ ಅದೇ ಅಧಿಕಾರಿ ಬಂದ. ಬಾಗಿಲು ತೆರೆದಿತ್ತು, ಹಾಸಿಗೆ ಸ್ವಚ್ಛವಾಗಿತ್ತು, ಆಯಾ ಇದ್ದಳು. ಮಕ್ಕಳೆಲ್ಲಿ ಎಂದು ಕೇಳಿದ. ತಾಯಂದಿರು ತಾವಾಗೇ ತರುವುದಿಲ್ಲ ಸಾರ್ ಎಂದರು ಮೇಡಂ. ಅದು ಸುಳ್ಳಾಗಿರಲಿಲ್ಲ. ಎಲ್ಲ ಸರಿಯಾಗಿದೆ ಎಂದು ಅವನು ಹೋದ.

ವರ್ಷಗಳ ಮೇಲೆ ಫ್ಯಾಕ್ಟರಿ ಬೇರೆ ಕಡೆಗೆ ಹೋಯಿತು. ನಾನೀಗ ಹೆದ್ದಾರಿ ಬದಿಯ ಗುಜರಿಯಲ್ಲಿ, ತುಕ್ಕು ಹಿಡಿದ ಸೈಕಲ್ಲುಗಳ ಕೆಳಗಿದ್ದೇನೆ. ಕಾನೂನು ಸುಳ್ಳೆಂದು ನಾನು ಹೇಳುವುದಿಲ್ಲ. ಅದು ಗೇಟು ದಾಟಿ ನಮ್ಮ ಕೋಣೆಯವರೆಗೆ ಬಂದಿದ್ದನ್ನು ನೋಡಿದ್ದೇನೆ. ಮಿಷನ್ನಿನವರೆಗೆ ಹೋಗಲಿಲ್ಲ. ಹೋಗಬೇಕೆಂದು ಕೇಳಲು ಜಯಶೀಲಳ ಜೊತೆ ಇನ್ನೊಬ್ಬರು ನಿಲ್ಲಲಿಲ್ಲ.

ಕಳೆದುಹೋದದ್ದು ಇಷ್ಟು: ಒಂದು ಕೆಲಸ, ಒಂದು ಗೆಳೆತನ, ಒಂದು ಮಗುವಿನ ಪಾಲಿನ ಎದೆಹಾಲು.