ಗುಂಡನ ಹಗ್ಗ ಹಿಡಿದವನು

ಆ ಮನೆಯಲ್ಲಿ ಬೆಳಗಿನ ಮೊದಲ ಮಾತು ಯಾವತ್ತೂ ನಾಯಿಗೇ. "ಎದ್ಯಾ ನನ್ನ ಕಂದ? ನಿದ್ದೆ ಚೆನ್ನಾಗಿ ಬಂತಾ?" ಎಂದು ಅತ್ತೆ ಗುಂಡನ ಗಲ್ಲ ಸವರಿ, ಅದರ ಕಣ್ಣಿನ ಗೀಜು ಒರೆಸಿ, ಆಮೇಲೆ ತಲೆ ಎತ್ತದೆಯೇ, "ಹೂಂ, ಇವನನ್ನ ಕೊಳದ ಕಡೆ ಸುತ್ತಾಡಿಸ್ಕೊಂಡು ಬಾಪ್ಪ," ಎನ್ನುತ್ತಿದ್ದರು. 'ಇವನು' ಅಂದರೆ ನಾಯಿ, 'ಬಾಪ್ಪ' ಅಂದರೆ ಅಳಿಯ. ಆ ಮನೆಯ ಕೆಳಗಿನ ಲಾಂಡ್ರಿಯಲ್ಲಿ ದುಡಿಯುವವರಿಗೂ, ಬಟ್ಟೆ ಕೊಡಲು ಬರುವ ಗಿರಾಕಿಗಳಿಗೂ ಅವನು ಅಳಿಯಂದಿರೇ.

ಮದುವೆಯಾದ ಹೊಸದರಲ್ಲಿ ಅತ್ತೆ, "ಒಂದು ವರ್ಷ ಇರಿ, ಅಳಿಯ ಲಾಂಡ್ರಿ ಕೆಲಸ ಕಲೀಲಿ, ಆಮೇಲೆ ಎಲ್ಲಿ ಬೇಕಾದ್ರೂ ಮನೆ ಮಾಡಿ," ಅಂದಿದ್ದರು. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಗಂಡ ಹೆಂಡತಿ ಮಗು ಮೂವರಿಗೂ ಬಾಯ್ಲರಿನ ಮೇಲಿನ ಕೋಣೆ. ಬೆಳಿಗ್ಗೆ ನೆಲ ಕಾಲಿಗೆ ಸುಡುತ್ತದೆ, ಗೋಡೆ ಬೆವರುತ್ತದೆ. ಕಿಟಕಿ ತೆಗೆಯೋಣವೆಂದರೆ ಹೊರಗಿನ ಧೂಳು ಕೋಣೆಯೊಳಗೆ ಒಣಗಲು ಹಾಕಿದ ಬಿಳಿ ಬಟ್ಟೆಗಳ ಮೇಲೆ ಕೂರುತ್ತದಂತೆ. ಬಾಗಿಲು ತೆಗೆಯೋಣವೆಂದರೆ ಹೊಸ್ತಿಲಲ್ಲಿ ಮಲಗುವ ಗುಂಡನಿಗೆ ಶೀತವಾಗುತ್ತದಂತೆ.

ಹಾಗಂತ ಯಾರೂ ಅವನನ್ನು ಒಂದು ದಿನವೂ ಬೈದವರಲ್ಲ. ಅವನು ಬರುವ ತನಕ ಅತ್ತೆ ಊಟಕ್ಕೆ ಕೂರುತ್ತಿರಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದರು. ಬಂದವರ ಮುಂದೆಲ್ಲ "ಅಳಿಯ ಅಲ್ಲ, ನನ್ನ ಮಗ," ಎನ್ನುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು ಸ್ವಾಮಿ! ಎಂದೋ ಒಂದು ದಿನ ಜಗಳವಾಡಿ ಚಪ್ಪಲಿ ಮೆಟ್ಟಿ ಹೊರಟುಬಿಡಬಹುದಿತ್ತು. ತಲೆ ಸವರುವವರ ಕೈ ತಳ್ಳಿ ಹೋಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗದೆ ಅವನ ತಲೆಯ ಕೂದಲು ಅರ್ಧ ಉದುರಿತ್ತು.

ಅಷ್ಟರಲ್ಲಿ ಮೊನ್ನೆ ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದರ ಲಾಂಡ್ರಿಗೆ ಮೇಲ್ವಿಚಾರಕ ಬೇಕೆಂದು ಸುದ್ದಿ ಬಂತು. ತಂದವನು ಅಲ್ಲಿಯ ವ್ಯಾನಿನ ಡ್ರೈವರ್, ಇವನ ಹಳೆಯ ಗೆಳೆಯ. ಕೆಲಸದ ಜೊತೆಗೆ ಇರಲು ಮನೆ. ಆ ಮನೆಗೆ ಕಿಟಕಿಗಳು, ತೆಗೆಯುವುದಕ್ಕೆ ಬರುವಂಥವು. ಆದರೆ ಇವತ್ತೇ ಹೋಗಿ ಸೇರಬೇಕು, ತಪ್ಪಿದರೆ ಕಾದು ಕೂತವರು ಇನ್ನೊಬ್ಬರಿದ್ದಾರೆ.

"ನೀವು ಹೋಗಿ ಸೇರ್ಕೊಳ್ಳಿ, ಹಿಂದೇನೇ ಮಗು ಕರ್ಕೊಂಡು ನಾನು ಬರ್ತೀನಿ," ಅಂದಿದ್ದಳು ಹೆಂಡತಿ. "ಅಮ್ಮನ ಎದುರು ನಿಂತು ಹೇಳಿ ಹೋಗೋದು ಮಾತ್ರ ಬೇಡ ರೀ. ಅಮ್ಮ ಕಣ್ಣೀರು ಹಾಕಿದ್ರೆ ನಾವಿಬ್ಬರೂ ಕರಗಿಹೋಗ್ತೀವಿ. ಅಲ್ಲಿಗೆ ಹೋಗಿ ಫೋನ್ ಮಾಡಿ ಹೇಳೋಣ." ಆಮೇಲೆ, "ಇದು ತಪ್ಪಿಹೋದ್ರೆ ನಾನು ಇನ್ನೊಂದು ಸಲ ಈ ಮಾತು ಎತ್ತಲ್ಲ. ನನಗೂ ಸಾಕಾಗಿದೆ," ಅಂದಳು. ಅಳದೆ, ಸಿಟ್ಟಾಗದೆ ಅಂದಳು. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

ಆ ಮನೆಯಲ್ಲಿ ಅವನು ಯಾರ ಜೊತೆಯೂ ಇಲ್ಲದೆ ಹೊರಗೆ ಕಾಲಿಡುವುದು ಗುಂಡನನ್ನು ಸುತ್ತಾಡಿಸುವುದಕ್ಕೆ ಮಾತ್ರ. ಹಾಗಾಗಿ ಉಪಾಯವೂ ಅದರ ಸುತ್ತಲೇ ಹುಟ್ಟಿತು. ಬಟ್ಟೆಯ ಚೀಲ ಮೊದಲೇ ವ್ಯಾನು ಸೇರಿತ್ತು. ಕೊಳದ ಆಚೆ ಬದಿಯ ಗೇಟಿನಲ್ಲಿ ವ್ಯಾನು ನಿಲ್ಲುತ್ತದೆ. ಅಲ್ಲಿಯ ಕಾವಲುಗಾರನ ಕೈಗೆ ನಾಯಿಯ ಹಗ್ಗ ಕೊಟ್ಟು ಇವನು ವ್ಯಾನು ಹತ್ತುವುದು. ಹೆಂಡತಿ ಬಂದು ನಾಯಿಯನ್ನು ಬಿಡಿಸಿಕೊಂಡು ಹೋಗುವುದು. ಎಷ್ಟು ಸುಲಭ ಹೇಳಿ!

ಕೊಳದ ಸುತ್ತ ಕಾಲುದಾರಿ ಮಾಡಿ, ಅಲ್ಲಲ್ಲಿ ಹಕ್ಕಿಗಳ ಚಿತ್ರ ಇರುವ ಫಲಕ ನೆಟ್ಟಿದ್ದರು. ಕೆಸರಿದ್ದ ಕಡೆ ಹಲಗೆ ಹಾಸಿದ್ದರು. ಎರಡೂ ಪಕ್ಕ ಆಳೆತ್ತರದ ಜೊಂಡು. ಒಳಗೆ ಹೊಕ್ಕರೆ ಮುಂದಿನ ತಿರುವೂ ಕಾಣದು, ಹಿಂದಿನದೂ ಕಾಣದು. ಬೇರೆಯವರಿಗೆ ಇಲ್ಲಿ ಮನಸ್ಸು ಹಗುರಾಗುತ್ತದಂತೆ. ನಮ್ಮ ಅಳಿಯನಿಗೆ ಇಲ್ಲಿ ಕಂಡದ್ದೆಲ್ಲ ಗುಂಡನ ಬೆನ್ನು, ಅಷ್ಟೇ. ಗುಂಡ ನಿಂತರೆ ನಿಲ್ಲಬೇಕು. ಗುಂಡ ಒಂದೇ ಗಿಡವನ್ನು ಹತ್ತು ಸಲ ಮೂಸಿದರೆ ಹತ್ತು ಸಲವೂ ಕಾಯಬೇಕು. "ಯಾರು ಯಾರನ್ನ ಸುತ್ತಾಡಿಸ್ತಿರೋದು ಅಳಿಯಂದಿರೇ?" ಎಂದು ಕಾವಲುಗಾರ ದಿನಾ ಕೇಳುತ್ತಿದ್ದ, ದಿನಾ ತಾನೇ ನಗುತ್ತಿದ್ದ.

ಇವತ್ತು ಅಳಿಯನ ನಡಿಗೆಯೇ ಬೇರೆ. ಗುಂಡನನ್ನು ಎಳೆದುಕೊಂಡೇ ಬಂದ. ಕೊನೆಯ ತಿರುವು ದಾಟಿದ್ದೇ ಗೇಟು ಕಂಡಿತು. ಗೇಟಿನಾಚೆ ಬಿಳಿ ವ್ಯಾನು ಕಂಡಿತು. ಅವನ ಕಾಲಿಗೆ ರೆಕ್ಕೆ ಬಂತು.

ಆಗಲೇ ಜೊಂಡಿನೊಳಗಿಂದ ಒಂದು ಬಾತುಕೋಳಿ ಕ್ವಾಕ್ ಎಂದಿತು ನೋಡಿ. ಗುಂಡ ಎಳೆದ ರಭಸಕ್ಕೆ ಬೆವೆತ ಅಂಗೈಯಿಂದ ಹಗ್ಗ ಜಾರಿ, ನಾಯಿ ದೊಪ್ಪನೆ ನೀರಿಗೆ ಬಿತ್ತು.

ನಾಯಿಗೆ ಈಜು ಬರುತ್ತದೆ, ಇದು ಚಿಕ್ಕ ಮಕ್ಕಳಿಗೂ ಗೊತ್ತು. ನೀವಾಗಿದ್ದರೆ ದಡದಲ್ಲಿ ನಿಂತು ಶಿಳ್ಳೆ ಹಾಕುತ್ತಿದ್ದಿರಿ. ಆದರೆ ಲಾಂಡ್ರಿಯಲ್ಲಿ ಪಳಗಿದವನ ಕಣ್ಣೇ ಬೇರೆ. ತೊಟ್ಟಿಯಲ್ಲಿ ನೆನೆದದ್ದನ್ನು ಹಾಗೇ ಬಿಟ್ಟು ಹೋಗುವಂತಿಲ್ಲ, ಅದು ಅಲ್ಲಿಯ ಕಟ್ಟುನಿಟ್ಟು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿ ಇಡೀ ತೊಟ್ಟಿಯೇ ಹಾಳಾಗುತ್ತದೆ. ಊಟಕ್ಕೆ ಹೋಗುವ ಮುಂಚೆ, ಫೋನ್ ಎತ್ತುವ ಮುಂಚೆ, ಮಗು ಬಿದ್ದು ಅಳುತ್ತಿದ್ದರೂ ಎತ್ತಿಕೊಳ್ಳುವ ಮುಂಚೆ, ನೀರಿನಲ್ಲಿರುವುದನ್ನು ಮೊದಲು ಹೊರಗೆ ತೆಗೆಯಬೇಕು. ಮೈಗೆ ಹತ್ತಿದ ಆ ಅಭ್ಯಾಸ ತಲೆಯ ಅಪ್ಪಣೆ ಕೇಳುತ್ತದೆಯೇ? ವ್ಯಾನು ಕಣ್ಣೆದುರೇ ಇದ್ದರೂ ಅಳಿಯ ಪ್ಯಾಂಟು ಕೂಡ ಮಡಚದೆ ನೀರಿಗೆ ಇಳಿದುಬಿಟ್ಟ.

ನಾಲ್ಕು ಹೆಜ್ಜೆಗೆ ಕೆಸರು ಮೊಣಕಾಲು ಮುಟ್ಟಿತು. ಐದನೆಯದಕ್ಕೆ ತೊಡೆ. ಬಲಗಾಲು ಕೀಳಲು ಹೋದರೆ ಎಡಗಾಲು ಇಳಿಯುತ್ತದೆ, ಎಡಗಾಲು ಕೀಳಲು ಹೋದರೆ ಬಲಗಾಲು. ಜೊಂಡು ಹಿಡಿದು ಎಳೆದ, ಬೇರು ಸಮೇತ ಕೈಗೇ ಬಂತು. ಇತ್ತ ಗುಂಡ ಬಾತುಕೋಳಿಯ ಆಸೆ ಬಿಟ್ಟು, ಆರಾಮಾಗಿ ಒಂದು ಸುತ್ತು ಈಜಿ, ದಡ ಹತ್ತಿ ಮೈ ಕೊಡವಿಕೊಂಡು ಇವನನ್ನೇ ನೋಡುತ್ತ ಕೂತಿತು.

"ಲೋ, ಅಲ್ಲೇನ್ ಮಾಡ್ತಿದೀಯೋ?" ಎಂದು ಗೇಟಿನಿಂದ ಡ್ರೈವರ್ ಕೂಗಿದ. ಕಾವಲುಗಾರ ಅವನನ್ನು ಒಳಗೆ ಬಿಡಲು ಟಿಕೆಟ್ ಕೇಳುತ್ತಿದ್ದ.

"ಬಂದೆ, ಬಂದೆ! ಐದೇ ನಿಮಿಷ!" ಎಂದ ಅಳಿಯ. ಸಿಟ್ಟು ಒತ್ತರಿಸಿಕೊಂಡು ಬಂತು. ಕೆಸರಿನ ಮೇಲೆ ಬಂದ ಸಿಟ್ಟಲ್ಲ ಅದು, ತನ್ನ ಮೇಲೇ ಬಂದದ್ದು.

ಆಗ ಹಲಗೆಯ ಮೇಲೆ ಹೆಜ್ಜೆ ಸದ್ದಾಯಿತು. ತಿರುಗಿ ನೋಡಿದರೆ ಮಾವ! ಕೈಯಲ್ಲಿ ಗುಂಡನ ಉಣ್ಣೆ ಸ್ವೆಟರ್.

"ಸ್ವೆಟರ್ ಹಾಕದೆ ಕರ್ಕೊಂಡು ಹೋಗಿದಾನೆ ಅಂತ ನಿಮ್ಮತ್ತೆ ನನ್ನ ಅಟ್ಟಿದಳು," ಅಂದರು ಮಾವ. ಅಳಿಯನನ್ನು, ಗೇಟನ್ನು, ವ್ಯಾನನ್ನು ಒಂದೊಂದಾಗಿ ನೋಡಿದರು. ಗುಂಡನ ಕೊರಳಿನ ಹಗ್ಗವನ್ನು ಬಿಚ್ಚಿ ಇವನತ್ತ ಎಸೆದು, ಇನ್ನೊಂದು ತುದಿಯನ್ನು ಫಲಕದ ಕಂಬಕ್ಕೆ ಸುತ್ತಿ ಹಿಡಿದರು. ಮುಲುಕುತ್ತ, ನರಳುತ್ತ, ಒಂದು ಚಪ್ಪಲಿಯನ್ನು ಕೊಳಕ್ಕೇ ಬಿಟ್ಟು, ಅಳಿಯ ದಡಕ್ಕೆ ಬಂದು ಬಿದ್ದ.

"ಮಾವ, ನಾನು..."

"ಗೊತ್ತು ಬಿಡಪ್ಪ. ನಿನ್ನೆ ನನ್ನ ಮಗಳು ನಿನ್ನ ಬಟ್ಟೆಯೆಲ್ಲ ಒಟ್ಟಿಗೆ ಇಸ್ತ್ರಿ ಮಾಡಿದಳು. ಒಬ್ಬ ಮನುಷ್ಯನ ಬಟ್ಟೆ ಎಲ್ಲಾ ಒಂದೇ ದಿನ ಇಸ್ತ್ರಿ ಆಯ್ತು ಅಂದ್ರೆ ಅವನು ಊರು ಬಿಡ್ತಾನೆ ಅಂತ ಲಾಂಡ್ರಿಯವನಿಗೆ ಯಾರಾದ್ರೂ ಹೇಳಿಕೊಡಬೇಕಾ?"

ಅಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಾವ ಮಾತ್ರ ಹಲಗೆಯ ಅಂಚಿನಲ್ಲಿ ಅವನ ಪಕ್ಕ ಕೂತರು.

"ನಾನೂ ಈ ಮನೆಗೆ ಅಳಿಯನಾಗಿಯೇ ಬಂದೋನು. ಲಾಂಡ್ರಿ ನಿಮ್ಮತ್ತೆಯ ಅಪ್ಪಂದು. ನಮ್ಮಣ್ಣ ಬೇರೆ ಊರಲ್ಲಿ ಅಂಗಡಿ ಮಾಡಿ, ನನಗೂ ಟಿಕೆಟ್ ತಗೊಂಡು ಸ್ಟೇಷನ್ನಲ್ಲಿ ಕಾಯ್ತಾ ನಿಂತಿದ್ದ. ಹೊರಡೋ ಹೊತ್ತಿಗೆ ಬಾಯ್ಲರ್ ಕೆಟ್ಟಿತು. ಸರಿ ಮಾಡಿಕೊಟ್ಟೇ ಹೋಗೋಣ ಅಂತ ಕೂತೆ." ಅವರು ಮೂಗು ಉಜ್ಜಿಕೊಂಡರು. "ನನ್ನ ಬಿಟ್ರೆ ಅದನ್ನ ಸರಿ ಮಾಡೋರು ಯಾರೂ ಇರಲಿಲ್ಲ ಅಂತ ಇವತ್ತಿನವರೆಗೂ ಎಲ್ಲರಿಗೂ ಹೇಳ್ಕೊಂಡು ಬಂದಿದೀನಿ. ಸುಳ್ಳು ಕಣೋ. ಪಕ್ಕದ ಬೀದೀಲೇ ಮೆಕ್ಯಾನಿಕ್ ಇದ್ದ."

ಗೇಟಿನಲ್ಲಿ ಹಾರ್ನ್ ಕೇಳಿಸಿತು, ಉದ್ದಕ್ಕೆ.

"ಎದ್ದೇಳು. ಓಡು," ಅಂದರು ಮಾವ. "ಒದ್ದೆ ಪ್ಯಾಂಟಲ್ಲೇ ಓಡು. ನಿಮ್ಮತ್ತೆಗೆ ನಾನು ಹೇಳ್ತೀನಿ. ಅಳ್ತಾಳೆ. ಅತ್ತರೆ ಅಳಲಿ, ನಾನಿದೀನಲ್ಲ. ಮಗಳನ್ನೂ ಮೊಮ್ಮಗಳನ್ನೂ ನಾನೇ ತಂದು ಬಿಡ್ತೀನಿ."

ಅಳಿಯ ಎದ್ದು ನಿಂತ. ಎದುರಿಗೆ ನೇರ ದಾರಿ. ಅಡ್ಡ ಅತ್ತೆಯಿಲ್ಲ, ಮಾವನಿಲ್ಲ, ನಾಯಿಯ ಹಗ್ಗವೂ ಕೈಯಲ್ಲಿಲ್ಲ. ವ್ಯಾನಿನ ಬಾಗಿಲು ತೆರೆದೇ ಇತ್ತು. ಅಷ್ಟು ಖಾಲಿ ದಾರಿಯನ್ನು ಅವನು ಮದುವೆಯಾದ ಮೇಲೆ ಕಂಡೇ ಇರಲಿಲ್ಲ. ಅವನಿಗೆ ಭಯವಾಯಿತು. ಆಸ್ಪತ್ರೆಯ ಲಾಂಡ್ರಿಯಲ್ಲಿ ಬೈಯುವವರಿರುತ್ತಾರೆ. ಊಟಕ್ಕೆ ಕಾಯುವವರು ಇರುವುದಿಲ್ಲ. ಕೆಲಸ ಕೆಟ್ಟರೆ ತಪ್ಪು ತನ್ನದೇ ಆಗುತ್ತದೆ. ಇಷ್ಟು ವರ್ಷ ಅತ್ತೆಯನ್ನು ಬೈದುಕೊಂಡು ಹಾಯಾಗಿದ್ದೆನಲ್ಲ ಎಂಬುದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು. ಹೊಳೆದದ್ದನ್ನು ತಕ್ಷಣ ಅತ್ತ ತಳ್ಳಿದ.

"ಗುಂಡ ನಡುಗ್ತಿದೆ ಮಾವ," ಅಂದ. "ಸ್ವೆಟರ್ ಒಂದು ಹಾಕಿಬಿಡ್ತೀನಿ. ನಿಮ್ಮ ಕೈಗೆ ಅದು ಬಗ್ಗಲ್ಲ."

ಗುಂಡ ನಡುಗುತ್ತಿರಲಿಲ್ಲ. ನಾಲಿಗೆ ಹೊರಗೆ ಹಾಕಿಕೊಂಡು ನೀರನ್ನು ನೋಡುತ್ತಿತ್ತು. ಅಳಿಯ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊದಲು ತಲೆ ತೂರಿಸಿದ, ಆಮೇಲೆ ಒಂದು ಮುಂಗಾಲು. ಹಾರ್ನ್ ಮತ್ತೆ ಕೇಳಿಸಿತು.

"ಕೊಡೋ ಇಲ್ಲಿ, ನಾನು ಹಾಕ್ತೀನಿ. ಓಡೋ!" ಎಂದು ಮಾವ ಅವನ ಭುಜ ಹಿಡಿದು ಅಲ್ಲಾಡಿಸಿದರು. "ನಿನ್ನ ಕಾಲಿಗೆ ಬೀಳ್ತೀನಿ, ಓಡೋ!"

"ಆಯ್ತು ಮಾವ, ಆಯ್ತು. ಇನ್ನೆರಡೇ ಗುಂಡಿ."

ಡ್ರೈವರ್ ಏನೋ ಕೂಗಿದ. ವ್ಯಾನಿನ ಬಾಗಿಲು ದಢಾರನೆ ಮುಚ್ಚಿಕೊಂಡಿತು. ಹೊರಟ ಸದ್ದು ಕೇಳಿಸಿತು, ದೂರವಾಯಿತು. ಅಳಿಯ ತಲೆ ಎತ್ತಲಿಲ್ಲ. ಕೊನೆಯ ಗುಂಡಿ ಹಾಕಿದ, ಹೊಟ್ಟೆಗೆ ಬಿಗಿಯಾಯಿತೇನೋ ಎಂದು ಬಿಚ್ಚಿದ, ಮತ್ತೆ ಹಾಕಿದ.