ಬೆಂಚಿನ ಮೇಲೆ ಪುಟ್ಟಲಕ್ಷ್ಮಿ ಇರಲಿಲ್ಲ

ನಿವೃತ್ತ ಎಂಜಿನಿಯರ್ ಇಂದುಶೇಖರರಿಗೆ ತಮ್ಮ ಅಂಗೈಯಗಲದ ರೇಡಿಯೊ ಸ್ಕ್ಯಾನರ್ ಎಂದರೆ ಪ್ರಾಣ. ಟ್ಯಾಕ್ಸಿಯವರು, ಸೆಕ್ಯುರಿಟಿಯವರು ವಾಕಿಟಾಕಿಯಲ್ಲಿ ಆಡುವ ಮಾತನ್ನೆಲ್ಲ ಅದು ಹಿಡಿದು ಕೊಡುತ್ತಿತ್ತು. ಹೆಂಡತಿ ಪುಟ್ಟಲಕ್ಷ್ಮಿಗೆ ಮರೆವಿನ ಕಾಯಿಲೆ ಬಂದು ಮನೆಯಲ್ಲಿ ಮಾತು ಕಡಿಮೆಯಾದ ಮೇಲಂತೂ ಅವರು ಇಯರ್‌ಫೋನ್ ತೆಗೆಯುವುದೇ ಅಪರೂಪವಾಯಿತು.

ಆ ಮಧ್ಯಾಹ್ನ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ಪಾರ್ಕಿನಲ್ಲಿ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತಿದ್ದರು. ಎದುರಿನ ಶಾಪಿಂಗ್ ಸೆಂಟರಿನ ಸೆಕ್ಯುರಿಟಿಯವನೊಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ: ಸೀರೆ ಉಟ್ಟ ಮುದುಕಿಯೊಬ್ಬಳು ಬಾಗಿಲ ಬಳಿ ಅಳುತ್ತಿದ್ದಾಳೆ, ಅವಳ ಭಾಷೆ ಅರ್ಥವಾಗುತ್ತಿಲ್ಲ.

'ಪಾಪ, ಯಾರ ಮನೆಯವರೋ' ಎಂದುಕೊಂಡು ಇಂದುಶೇಖರರು ಪಕ್ಕಕ್ಕೆ ತಿರುಗಿದರು. ಬೆಂಚು ಖಾಲಿಯಿತ್ತು.

ಏದುಸಿರು ಬಿಡುತ್ತ ಶಾಪಿಂಗ್ ಸೆಂಟರಿಗೆ ಓಡಿದರು. ಅಲ್ಲಿ ಕುರ್ಚಿಯಲ್ಲಿ ಕುಳಿತಿದ್ದ ಪುಟ್ಟಲಕ್ಷ್ಮಿ, 'ಇಲ್ಲಿದ್ದೀಯಾ?' ಎಂಬ ಅವರ ಕನ್ನಡ ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿಸಿದಳು. ಆದರೆ ಗಂಡನ ಗುರುತು ಹತ್ತಿರಲಿಲ್ಲ.

"ನೀವು ನಮ್ಮ ಕಡೆಯವರಾ? ಒಂದು ಉಪಕಾರ ಮಾಡ್ತೀರಾ? ನಮ್ಮ ಯಜಮಾನ್ರು ಕಿವಿಗೆ ಅದೇನೋ ಸಿಕ್ಕಿಸ್ಕೊಂಡು ಕೂತ್ಬಿಟ್ಟಿದಾರೆ. ಎಷ್ಟು ಕರೆದ್ರೂ ತಿರುಗಿ ನೋಡ್ತಿಲ್ಲ. ನೀವಾದ್ರೂ ಹೇಳ್ತೀರಾ?"

"ಹೇಳ್ತೀನಮ್ಮ" ಎಂದು ಇಂದುಶೇಖರರು ಆಕೆಯ ಪಕ್ಕದಲ್ಲೇ ಕುಳಿತರು. "ಏನು ಹೇಳ್ಬೇಕಿತ್ತು ಅವರಿಗೆ?"

ಆಕೆ ಬಹಳ ಹೊತ್ತು ಯೋಚಿಸಿದಳು.

"ಮರೆತೇ ಹೋಯ್ತು" ಎಂದಳು.